ಬಂಕ್‌ನಲ್ಲಿ ಸಿಕ್ಕಿಬಿದ್ದ ಐನೂರು ರೂಪಾಯಿ

ಹೋದ ತಿಂಗಳು ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಬಂಕ್‌ನಲ್ಲಿ ಬೈಕಿಗೆ 500 ರೂಪಾಯಿ ಪೆಟ್ರೋಲ್ ಹಾಕಿಸಿದೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಖಾತೆಯಿಂದ ದುಡ್ಡು ಹೋದ ಮೆಸೇಜ್ ಬಂತು, ಆದರೆ ಬಂಕ್‌ನ ಸ್ಪೀಕರ್ ಮಾತ್ರ ತುಟಿ ಬಿಚ್ಚಲಿಲ್ಲ. ಹಿಂದೆ ಆಟೋದವರು ಹಾರ್ನ್ ಹೊಡೀತಿದ್ರು. ಬೆಣ್ಣೆ ದೋಸೆಗೆ ಅಂತ ಇಟ್ಟುಕೊಂಡಿದ್ದ ನೋಟು ಕೊಟ್ಟು ಹೊರಟೆ. ದೋಸೆನೂ ಹೋಯ್ತು!

ಮನೆಗೆ ಬಂದು ಆ್ಯಪ್‌ನ ಹಿಸ್ಟರಿ ತೆಗೆದೆ. 'ಪೆಂಡಿಂಗ್' ಅಂತಿತ್ತು. ಅಲ್ಲಿದ್ದ 12 ಅಂಕಿಯ ಯುಟಿಆರ್ ನಂಬರಿನ (ಆ ವ್ಯವಹಾರದ ಗುರುತಿನ ಸಂಖ್ಯೆ) ಸ್ಕ್ರೀನ್‌ಶಾಟ್ ತೆಗೆದು, ಅದೇ ವ್ಯವಹಾರದ ಕೆಳಗೆ ದೂರು ಕೊಟ್ಟೆ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲು ಹೋಗಲಿಲ್ಲ, ಅಲ್ಲಿ ಮೋಸದವರೇ ಜಾಸ್ತಿ. ಅಂಗಡಿಗೆ ಕಳಿಸಿದ ಯುಪಿಐ ಹಣ ಹೀಗೆ ನಡುವೆ ಸಿಕ್ಕಿಕೊಂಡರೆ 5 ದಿನದೊಳಗೆ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ನನಗೆ ಮೂರನೇ ದಿನ ಬಂತು.

ಆಮೇಲೆ ಯುಪಿಐ ಲೈಟ್ ಶುರು ಮಾಡಿದೆ, ಅದು ಆ್ಯಪ್‌ನಲ್ಲೇ ಇರೋ ಸಣ್ಣ ಪರ್ಸ್ ಇದ್ದ ಹಾಗೆ. ಮೊದಲೇ ದುಡ್ಡು ತುಂಬಿಸಿಟ್ಟರೆ ಪಿನ್ ಬೇಡ, ಒಂದು ಸಲಕ್ಕೆ 1,000 ರೂಪಾಯಿವರೆಗೆ ಕೊಡಬಹುದು. ಪ್ರತಿ ಸಲ ಬ್ಯಾಂಕಿನ ಸರ್ವರ್ ಬಾಗಿಲು ತಟ್ಟುವ ಕೆಲಸ ಇಲ್ಲ, ಅದಕ್ಕೇ ಬೇಗ ಮುಗಿಯುತ್ತದೆ. ಫೋನ್ ಕಳೆದರೆ ಕಷ್ಟ, ಹಾಗಾಗಿ ಜಾಸ್ತಿ ತುಂಬಿಸಲ್ಲ.

ಇನ್ನೊಂದು, ಈಗ ಪೆಟ್ರೋಲ್ ಹಾಕಿಸೋ ಮೊದಲೇ ನೆಟ್‌ವರ್ಕ್ ಕಡ್ಡಿ ನೋಡ್ತೀನಿ. ಬೈಕ್ ಕವರಿನಲ್ಲಿ ಒಂದು ಐನೂರರ ನೋಟೂ ಮಡಚಿ ಇಟ್ಟಿದ್ದೀನಿ.