ತೋಟದ ಹಳೆಯ ಜೀಪನ್ನು ಮನೆಯಲ್ಲೇ ಸರಿಪಡಿಸುವ ಕ್ರಮ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ಕಾಫಿ ತೋಟಗಳ ಶೆಡ್ಡುಗಳಲ್ಲಿ ಮಹೀಂದ್ರದ ಸಿಜೆ 3ಬಿ, ಎಂಎಂ 540ರಂತಹ ಜೀಪುಗಳು ಇಂದಿಗೂ ನಿಂತಿವೆ. ಎಂಜಿನ್ ಕೆಟ್ಟು ಮೂಲೆ ಸೇರಿದ ಜೀಪುಗಳಿಗಿಂತ ತುಕ್ಕು ತಿಂದು ಮೂಲೆ ಸೇರಿದವೇ ಮಲೆನಾಡಿನಲ್ಲಿ ಹೆಚ್ಚು. ಎಂಜಿನ್ನಿನ ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ತರಬಹುದು, ಆದರೆ ವಾಹನದ ಭಾರವನ್ನೆಲ್ಲ ಹೊರುವ ಕಬ್ಬಿಣದ ಚೌಕಟ್ಟಾದ ಚಾಸಿಸ್ ಒಳಗಿನಿಂದ ಕೊರೆದುಹೋದರೆ, ಅದಕ್ಕೆ ಬದಲಿ ಅಷ್ಟು ಸುಲಭವಾಗಿ ಒದಗುವುದಿಲ್ಲ. ಆದ್ದರಿಂದ ಬಾನೆಟ್ ಎತ್ತುವ ಆತುರವನ್ನು ಬದಿಗಿಟ್ಟು, ಕೆಲಸವನ್ನು ಜೀಪಿನ ಅಡಿಯಿಂದ ಆರಂಭಿಸಬೇಕು.

ಅದಕ್ಕೂ ಮೊದಲು ಕಾಗದಪತ್ರಗಳನ್ನು ನೋಡಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಅನಂತರ ಪ್ರತಿ 5 ವರ್ಷಕ್ಕೊಮ್ಮೆ ಆರ್‌ಟಿಒ ಕಚೇರಿಯಲ್ಲಿ ವಾಹನವನ್ನು ತಪಾಸಣೆಗೆ ಒಪ್ಪಿಸಿ ನವೀಕರಿಸಿಕೊಳ್ಳಬೇಕಾಗುತ್ತದೆ. ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆಗಳು ವಾಹನದ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಹೊಂದದಿದ್ದರೆ ಅಂತಹ ಜೀಪಿಗೆ ಹಣ ಸುರಿಯದಿರುವುದೇ ಜಾಣತನ. ತುಕ್ಕು ಕೆರೆಯುವಾಗ ಚಾಸಿಸ್ ಸಂಖ್ಯೆಯ ಜಾಗಕ್ಕೆ ಗ್ರೈಂಡರ್ ತಾಗಿಸಲೇಬಾರದು. ಅಲ್ಲಿ ಕೈಯಲ್ಲಿ ಹಿಡಿದ ತಂತಿ ಬ್ರಷ್ಷಷ್ಟೇ ಸಾಕು, ಏಕೆಂದರೆ ಅಕ್ಷರಗಳು ಸವೆದರೆ ಅವುಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಲು ಬಾರದೆ ನವೀಕರಣವೇ ನಿಂತುಹೋಗಬಹುದು. 50 ವರ್ಷ ಮೀರಿದ ಜೀಪನ್ನು 2021ರ ನಿಯಮಗಳಂತೆ ವಿಂಟೇಜ್ ವಾಹನವಾಗಿ ನೋಂದಾಯಿಸಲು ಅವಕಾಶವಿದೆಯಾದರೂ, ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ, ತೋಟಕ್ಕೂ ಸಂತೆಗೂ ಬಳಸುವವರಿಗೆ ಅದು ಒಗ್ಗುವುದಿಲ್ಲ.

ಕೆಲಸದ ಕಾಲವನ್ನು ಮಳೆಯೇ ನಿರ್ಧರಿಸುತ್ತದೆ. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಬಿಚ್ಚುವ ಕೆಲಸ ಆರಂಭಿಸಿ, ಮುಂಗಾರಿಗೆ ಮೊದಲು ಪ್ರೈಮರ್ ಮತ್ತು ಬಣ್ಣ ಎರಡೂ ಒಣಗಿರುವಂತೆ ಯೋಜಿಸಬೇಕು. ಬ್ರೇಕು, ವೈರಿಂಗು, ಸೀಟುಗಳ ಕೆಲಸವನ್ನು ಮಳೆಗಾಲದಲ್ಲೂ ಶೆಡ್ಡಿನಲ್ಲಿ ಮಾಡಬಹುದು, ಆದರೆ ಜುಲೈ ತಿಂಗಳ ತೇವದಲ್ಲಿ ಹಚ್ಚಿದ ಬಣ್ಣ ಮುಂದೆ ಗುಳ್ಳೆ ಏಳುವ ಸಾಧ್ಯತೆ ಹೆಚ್ಚು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬರುವ ಸೂಚನೆ ಇರುವ ದಿನ ತಗಡನ್ನು ಬರಿಮೈಯಾಗಿ ಬಿಡಬಾರದು; ಕೆರೆದಷ್ಟು ಭಾಗಕ್ಕೆ ಅಂದೇ ಪ್ರೈಮರ್ ಬೀಳಬೇಕು.

ತೋಟದ ಜೀಪಿನ ತುಕ್ಕಿಗೆ ಮಳೆಯೊಂದೇ ಕಾರಣವಲ್ಲ. ಹಿಂಬದಿಯಲ್ಲಿ ಹೇರಿದ ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಲವಣ ನೀರಿನೊಡನೆ ಸೇರಿ ತಗಡಿನ ಸಂದುಗಳಿಗೆ ಇಳಿಯುತ್ತದೆ. ಗಿಡಗಳ ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ (ತಾಮ್ರದ ಸಲ್ಫೇಟ್) ಕಬ್ಬಿಣಕ್ಕೆ ತಾಗಿದರೆ, ತಾಮ್ರ ಕಬ್ಬಿಣದ ಮೇಲೆ ಕೂತು ಕಬ್ಬಿಣ ಕರಗತೊಡಗುತ್ತದೆ. ಹೀಗಾಗಿ ಮೊದಲ ಕೆಲಸ ತೊಳೆಯುವುದು: ಸೀಟು, ಮ್ಯಾಟು, ಟೂಲ್ ಬಾಕ್ಸಿನ ಮುಚ್ಚಳ ಎಲ್ಲವನ್ನೂ ತೆಗೆದು, ಮುಚ್ಚಿಹೋಗಿರುವ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಚಾಸಿಸ್ಸಿನ ಪೆಟ್ಟಿಗೆಯಂತಹ ಭಾಗಗಳ ಒಳಗೂ ನೀರು ಹಾಯಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಲು ಬಿಡಬೇಕು. ಅನಂತರ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ಕಬ್ಬಿಣ ಖಣಖಣಿಸುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಲೀಫ್ ಸ್ಪ್ರಿಂಗ್ ಕೂರುವ ಬ್ರಾಕೆಟ್ಟುಗಳು, ಹಿಂಬದಿಯ ಅಡ್ಡಪಟ್ಟಿ, ಬಾಡಿಯನ್ನು ಚಾಸಿಸ್ಸಿಗೆ ಬಿಗಿದ ಜಾಗಗಳು, ಇವನ್ನು ಎರಡೆರಡು ಸಲ ತಟ್ಟಿ ನೋಡಬೇಕು.

ಕೊಳೆತ ತಗಡಿನ ಮೇಲೆ ಇನ್ನೊಂದು ತಗಡು ಹೊದಿಸಿ ಬೆಸೆಯುವುದು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಸಾಮಾನ್ಯ. ಇದಕ್ಕೆ ಒಪ್ಪಬಾರದು. ಎರಡು ತಗಡುಗಳ ನಡುವೆ ನೀರು ನಿಂತು ಹೊಸದನ್ನೂ ತಿನ್ನುತ್ತದೆ. ಗಟ್ಟಿ ಕಬ್ಬಿಣ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ದಪ್ಪದ ತಗಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು. ಚಾಸಿಸ್ಸಿನ ಬೆಸುಗೆಯನ್ನಂತೂ ನುರಿತ ವೆಲ್ಡರಿಗೇ ಒಪ್ಪಿಸುವುದು ಕ್ಷೇಮ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಇಂಧನದ ಟ್ಯಾಂಕನ್ನು ಕಳಚಿ ದೂರ ಇಡಬೇಕು. ಪೆಟ್ರೋಲ್ ಜೀಪಿನ ಖಾಲಿ ಟ್ಯಾಂಕು, ಒಳಗೆ ಉಳಿಯುವ ಆವಿಯಿಂದಾಗಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಉಳಿದ ತುಕ್ಕನ್ನು ಕೆರೆದು, ಫಾಸ್ಫಾರಿಕ್ ಆಮ್ಲವಿರುವ ದ್ರಾವಣ ಸವರಿ, ತಯಾರಕರು ಹೇಳಿದಂತೆ ತೊಳೆದು ಒಣಗಿಸಿ, ಎಪಾಕ್ಸಿ ಪ್ರೈಮರ್ ಹಚ್ಚಬೇಕು. ಅಗ್ಗದ ರೆಡ್ ಆಕ್ಸೈಡ್ ಪ್ರೈಮರ್ ಮಾತ್ರ ಹಚ್ಚಿ ಬಿಟ್ಟರೆ ಅದು ತೇವವನ್ನು ಒಳಗೆ ಬಿಡುತ್ತದೆ. ಪುಟ್ಟಿ ತೆಳುವಾಗಿರಲಿ, ತೂತು ಮುಚ್ಚಲು ಪುಟ್ಟಿ ಬಳಸಿದ ಜೀಪು ಒಂದೇ ಮಳೆಗಾಲದಲ್ಲಿ ತನ್ನ ಗುಟ್ಟು ಬಿಟ್ಟುಕೊಡುತ್ತದೆ.

ಬ್ರೇಕಿನ ವಿಷಯದಲ್ಲಿ ಉಳಿತಾಯದ ಮಾತೇ ಬೇಡ. ಈ ಜೀಪುಗಳ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳಿದ್ದು, ಹಳೆಯ ಮಾದರಿಗಳಲ್ಲಿ ಪೆಡಲ್ ಒತ್ತಿದಾಗ ದ್ರವವನ್ನು ನೂಕುವ ಮಾಸ್ಟರ್ ಸಿಲಿಂಡರಿನಿಂದ ಒಂದೇ ಮಾರ್ಗವಾಗಿ ದ್ರವ ಹರಿಯುವುದರಿಂದ ಒಂದು ಪೈಪು ಸೋರಿದರೂ ಪೂರ್ತಿ ಬ್ರೇಕು ಹೋಗುತ್ತದೆ. ಚಾರ್ಮಾಡಿ ಘಾಟಿಯ ಇಳಿಜಾರನ್ನು ನೆನೆದರೆ ಸಾಕು, ಕಬ್ಬಿಣದ ಪೈಪುಗಳನ್ನೂ ರಬ್ಬರ್ ಹೋಸುಗಳನ್ನೂ ವೀಲ್ ಸಿಲಿಂಡರುಗಳನ್ನೂ ಒಟ್ಟಿಗೇ ಬದಲಾಯಿಸುವ ಖರ್ಚು ಹೆಚ್ಚೆನಿಸುವುದಿಲ್ಲ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಉಸಿರಿನೊಡನೆ ಒಳಹೋದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಕಲ್ನಾರು (ಆಸ್‌ಬೆಸ್ಟಾಸ್) ಇರಬಹುದಾದ್ದರಿಂದ ಡ್ರಮ್ಮಿನ ದೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಗೇರ್‌ಬಾಕ್ಸ್, ಎಂಜಿನ್ನಿನ ಬಲವನ್ನು ಹಿಂದುಮುಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಹಿಂದುಮುಂದಿನ ಆಕ್ಸಲ್ ಹೌಸಿಂಗುಗಳ ಎಣ್ಣೆಯನ್ನು ಇಳಿಸಿ ನೋಡಿದಾಗ ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ; ಹೌಸಿಂಗಿಗೆ ಗಾಳಿಯಾಡಲು ಇರುವ ಸಣ್ಣ ತೂತಾದ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಆಯಿಲ್ ಸೀಲಿನ ಅಂಚಿನಿಂದಲೇ ನೀರು ಒಳಗೆಳೆದುಕೊಳ್ಳುತ್ತದೆ. ಬ್ರೀದರಿಗೆ ಎಣ್ಣೆ ತಡೆಯುವ ರಬ್ಬರ್ ಕೊಳವೆ ಜೋಡಿಸಿ ಎಂಜಿನ್ ಕೋಣೆಯ ಮೇಲ್ಭಾಗದವರೆಗೆ ಒಯ್ಯುವುದು ಅಲ್ಪ ಖರ್ಚಿನ ಬದಲಾವಣೆ. ಮಲೆನಾಡಿನ ಜೀಪಿಗೆ ಒಂದೇ ಒಂದು ಮಾರ್ಪಾಡು ಮಾಡುವುದಾದರೆ ಇದನ್ನೇ ಮಾಡಬೇಕು.

ಮಿಕ್ಕ ಅಲಂಕಾರಗಳಿಗೆ ಕಾನೂನಿನ ಮಿತಿ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ತಯಾರಕರು ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ, ಮತ್ತು ಇದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದಿದೆ. ಎಂಜಿನ್ ಬದಲಿಸುವ ವಿಚಾರವಿದ್ದರೆ ಆರ್‌ಟಿಒ ಕಚೇರಿಯನ್ನು ಮೊದಲೇ ಕೇಳಬೇಕು. ಜೀಪಿನ ಮುಂಭಾಗಕ್ಕೆ ಬುಲ್ ಬಾರ್ ಎಂಬ ಕಬ್ಬಿಣದ ಕಂಬಿ ಕಟ್ಟುವುದು ಈ ಕಲಮಿನ ಉಲ್ಲಂಘನೆ ಎಂದು ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ 2017ರಲ್ಲೇ ತಿಳಿಸಿದೆ. ಜೀಪು ಎಂದರೆ ಸೈನ್ಯದ ಆಲಿವ್ ಹಸಿರು ಎಂದು ಕನಸು ಕಾಣುವವರು ಬಹಳ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮ ಆ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಟ್ಟಿದೆ. ಬೇರೆ ಬಣ್ಣ ಹಚ್ಚಿದರೂ ಅದನ್ನು ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಅಗಲದ ಟೈರುಗಳು ನೋಡಲು ಗಂಭೀರವಾಗಿದ್ದರೂ, ಪವರ್ ಸ್ಟೀರಿಂಗ್ ಇಲ್ಲದ ಜೀಪನ್ನು ತಿರುಗಿಸುವುದು ಅವುಗಳಿಂದ ಕಷ್ಟವಾಗುತ್ತದೆ. ತೋಟದ ಕೆಸರಿಗೆ 6.00-16 ಅಳತೆಯ ಕಿರಿದಾದ ಟೈರೇ ಆಳಕ್ಕೆ ಇಳಿದು ಹಿಡಿತ ಕೊಡುತ್ತದೆ. ಹೆಡ್‌ಲೈಟಿಗೆ ರಿಲೇ ಮತ್ತು ಫ್ಯೂಸ್, ಗಟ್ಟಿಯಾದ ಕ್ಯಾನ್ವಾಸ್ ಹುಡ್, ಸೀಟ್ ಬೆಲ್ಟುಗಳು ಇದ್ದರೆ ನಿತ್ಯದ ಓಡಾಟಕ್ಕೆ ಸಾಕು.

ಜೋಡಣೆ ಮುಗಿದ ಮೇಲೆ ಮೊದಲ ಓಟ ತೋಟದ ಒಳಗಿನ ಸಮತಟ್ಟು ದಾರಿಯಲ್ಲಿರಲಿ. ಒಣ ಡಾಂಬರು ರಸ್ತೆಯಲ್ಲಿ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಫೋರ್ ವೀಲ್ ಹಾಕಿ ಪರೀಕ್ಷಿಸಬಾರದು. ಮುಂದಿನ ಹಿಂದಿನ ಚಕ್ರಗಳ ವೇಗದ ವ್ಯತ್ಯಾಸಕ್ಕೆ ಅಲ್ಲಿ ಜಾರುವ ಅವಕಾಶವಿಲ್ಲದೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಸುಮಾರು 100 ಕಿ.ಮೀ. ಓಡಿದ ಬಳಿಕ ಲೀಫ್ ಸ್ಪ್ರಿಂಗುಗಳ ಯು ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಮತ್ತೆ ಬಿಗಿಮಾಡಿ, ಬ್ರೇಕ್ ಪೈಪಿನ ಪ್ರತಿ ಜೋಡಣೆಯನ್ನೂ ಬೆರಳಿನಿಂದ ಮುಟ್ಟಿ ತೇವವಿಲ್ಲವೆಂದು ಖಚಿತಪಡಿಸಿಕೊಂಡ ಅನಂತರವೇ ಘಾಟಿಯ ರಸ್ತೆಗೆ ಇಳಿಸಬೇಕು.