ಬೇಸ್ ಗಿಟಾರ್ ಹದ ಮಾಡುವುದು ಹೇಗೆ? ತಂತಿಯಿಂದ ಸ್ಪೀಕರ್‌ವರೆಗೆ

ಬೇಸ್ ಗಿಟಾರ್‌ನ ಅತಿ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ನಿಧಾನವಾಗಿ, ಅಷ್ಟು ಅಗಲಕ್ಕೆ ಅಲುಗುವ ತಂತಿಗೆ ಜಾಗ ಬೇಕು. ಜಾಗ ಸಾಲದಿದ್ದರೆ ನೆಕ್‌ನ, ಅಂದರೆ ವಾದ್ಯದ ಉದ್ದನೆಯ ಕತ್ತಿನ, ಮೇಲಿರುವ ಅಡ್ಡ ಲೋಹದ ಪಟ್ಟಿಗೆ (ಫ್ರೆಟ್‌ಗೆ) ಬಡಿದು ಗರಗರ ಎನ್ನುತ್ತದೆ. ಹೆಚ್ಚಾದರೆ ಬೆರಳು ಸೋಲುತ್ತದೆ, ಒತ್ತಿದಾಗ ಶ್ರುತಿಯೂ ಏರಿಬಿಡುತ್ತದೆ.

ಈ ಕೆಲಸದಲ್ಲಿ ಸರದಿ ತಪ್ಪಬಾರದು. ಮೊದಲು ತಂತಿ, ಆಮೇಲೆ ನೆಕ್‌ನ ಬಾಗು, ತಂತಿಯ ಎತ್ತರ, ಇಂಟೊನೇಶನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿಯಿರುವುದು), ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಕೊನೆಗೆ ಆಂಪ್ (ಆ ಸಂಕೇತವನ್ನು ಬಲಪಡಿಸಿ ಸ್ಪೀಕರ್‌ಗೆ ಕೊಡುವ ಆಂಪ್ಲಿಫೈಯರ್). ಮೊದಲಿನದನ್ನು ಬದಲಿಸಿದರೆ ನಂತರದ್ದೆಲ್ಲ ಅಳತೆ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ದೋಷ ಎಲ್ಲಿ ಹುಟ್ಟಿತೋ ಅಲ್ಲೇ ಸರಿಪಡಿಸಬೇಕು. ಫ್ರೆಟ್‌ನ ಗರಗರವನ್ನು ಆಂಪ್‌ನ ಟ್ರೆಬಲ್ ಇಳಿಸಿ ಮುಚ್ಚಿದರೆ ಗರಗರದ ಜೊತೆ ಸ್ವರದ ಮೊನಚೂ ಹೋಗುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಟ್ಯೂನರ್, ಅರ್ಧ ಮಿಲಿಮೀಟರ್ ಗುರುತುಳ್ಳ ಉಕ್ಕಿನ ಅಳತೆಪಟ್ಟಿ, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಲೋಹದ ಎಲೆಗಳು), ಕೇಪೊ (ತಂತಿಗಳನ್ನು ಫ್ರೆಟ್‌ಗೆ ಒತ್ತಿ ಹಿಡಿಯುವ ಕ್ಲಿಪ್), ವೈರ್ ಕಟರ್, ಸ್ಕ್ರೂಡ್ರೈವರ್ ಮತ್ತು ನಿಮ್ಮ ಟ್ರಸ್ ರಾಡ್‌ಗೆ (ನೆಕ್‌ನೊಳಗಿನ ಲೋಹದ ಸರಳಿಗೆ) ಸರಿಯಾಗಿ ಕೂರುವ ಅಲೆನ್ ಕೀ. ಈ ಕೊನೆಯದರಲ್ಲಿ ರಾಜಿ ಬೇಡ. ಸಡಿಲವಾದ ಕೀ ರಾಡ್‌ನ ನಟ್‌ನ ಮೂಲೆಗಳನ್ನು ಸವೆಸಿಬಿಟ್ಟರೆ ದುರಸ್ತಿ ಬಹಳ ಕಷ್ಟ.

ಹೊಸ ತಂತಿ ಹಾಕುವಾಗ

ಹಳೆಯ ತಂತಿಯ ಮೇಲೆ ಅಳತೆ ಹಿಡಿಯುವುದು ವ್ಯರ್ಥ. ಸುರುಳಿಗಳ ನಡುವೆ ಕೊಳೆ ಸೇರಿ, ಫ್ರೆಟ್ ತಾಗಿದ ಕಡೆ ಸವೆದು, ತಂತಿಯ ತೂಕ ಉದ್ದಕ್ಕೂ ಒಂದೇ ಸಮನಾಗಿ ಉಳಿದಿರುವುದಿಲ್ಲ. ಅಂಥ ತಂತಿ ಎಲ್ಲ ಫ್ರೆಟ್‌ನಲ್ಲೂ ಶ್ರುತಿಯಲ್ಲಿ ನಿಲ್ಲಲಾರದು. 34 ಇಂಚು ಸ್ಕೇಲ್‌ನ (ತಂತಿಯ ಕಂಪಿಸುವ ಭಾಗದ ಉದ್ದ) ನಾಲ್ಕು ತಂತಿಯ ಬೇಸ್‌ಗೆ 45, 65, 85, 105 ಎಂಬ ಅಳತೆಯ ಸೆಟ್ ಸಾಮಾನ್ಯ. ಈ ಅಂಕಿಗಳು ಇಂಚಿನ ಸಾವಿರದ ಭಾಗಗಳು.

ನಡುವೆ ಸೀಳಿರುವ ಟ್ಯೂನಿಂಗ್ ಕಂಬಗಳಾದರೆ, ತಂತಿಯನ್ನು ಅದರ ಕಂಬದಿಂದ 10–12 ಸೆಂ.ಮೀ. ಮುಂದಕ್ಕೆ ಎಳೆದು ಗುರುತು ಮಾಡಿ. ಅಲ್ಲಿ ಮೊದಲು 90 ಡಿಗ್ರಿ ಬಾಗಿಸಿ, ಬಾಗಿನಾಚೆಗೆ ಕತ್ತರಿಸಿ. ಬಾಗಿಸದೆ ಕತ್ತರಿಸಿದರೆ ಹೊರಗಿನ ಸುರುಳಿ ಒಳತಂತಿಯ ಮೇಲೆ ಸಡಿಲವಾಗಬಹುದು. ಹಾಗಾದ ತಂತಿ ಹೊಸದಾದರೂ ಸತ್ತ ದನಿ ಕೊಡುತ್ತದೆ. ತುದಿಯನ್ನು ಕಂಬದ ನಡುವಿನ ತೂತಿಗೆ ಇಳಿಸಿ, ಎರಡು ಮೂರು ಸುತ್ತು ಕೆಳಮುಖವಾಗಿ ಬರುವಂತೆ ಸುತ್ತಿ. ಸುತ್ತು ಕೆಳಗಿಳಿದಷ್ಟೂ ತಂತಿ ನಟ್‌ನ (ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಕಚ್ಚುಗಳ ಪಟ್ಟಿಯ) ಮೇಲೆ ಭದ್ರವಾಗಿ ಕೂರುತ್ತದೆ.

ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿ. ಶ್ರುತಿಗೆ ತಂದ ಮೇಲೆ ಸ್ಯಾಡಲ್‌ನ (ದೇಹದ ಕಡೆ ತಂತಿ ಕೂರುವ ತುಂಡಿನ) ಮುಂದೆ ಮತ್ತು ನಟ್‌ನ ಮುಂದೆ ತಂತಿಯನ್ನು ಬೆರಳಿಂದ ಮೆಲ್ಲಗೆ ಕೆಳಕ್ಕೆ ಒತ್ತಿ. ದಪ್ಪ ತಂತಿ ತಾನಾಗಿ ಚೂಪಾಗಿ ಬಾಗುವುದಿಲ್ಲ. ಕಮಾನಾಗಿ ನಿಂತರೆ ಕಂಪನ ಎಲ್ಲಿ ಶುರುವಾಗುತ್ತದೆಂಬುದೇ ಅಸ್ಪಷ್ಟವಾಗುತ್ತದೆ. ಹಿಗ್ಗಿಸಿ, ಮತ್ತೆ ಶ್ರುತಿ ಮಾಡಿ, ಇಳಿಯುವುದು ನಿಲ್ಲುವವರೆಗೂ ಹೀಗೇ ಮಾಡಿ.

ನೆಕ್‌ನ ಬಾಗು

ನಾಲ್ಕು ತಂತಿಗಳ ಒಟ್ಟು ಎಳೆತ ಹೆಚ್ಚುಕಡಿಮೆ 75–80 ಕಿಲೋದ ಭಾರಕ್ಕೆ ಸಮ. ಅದು ನೆಕ್ಕನ್ನು ಮುಂದಕ್ಕೆ ಬಾಗಿಸುತ್ತದೆ. ಒಳಗಿರುವ ಟ್ರಸ್ ರಾಡ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಪೂರ್ತಿ ನೇರವಾದ ನೆಕ್ ಬೇಕಿಲ್ಲ. ತಂತಿ ನಡುವಿನಲ್ಲಿ ಅತಿ ಅಗಲವಾಗಿ ಕಂಪಿಸುವುದರಿಂದ ಅಲ್ಲಿ ತುಸು ತಗ್ಗು ಇರಬೇಕು. ಅದಕ್ಕೆ ರಿಲೀಫ್ ಎನ್ನುತ್ತಾರೆ.

ಅಳೆಯುವ ಬಗೆ ಸುಲಭ. ಬೇಸನ್ನು ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಮೇಜಿನ ಮೇಲೆ ಮಲಗಿಸಿದರೆ ನೆಕ್ ತನ್ನ ಭಾರಕ್ಕೆ ಸುಳ್ಳು ಹೇಳುತ್ತದೆ. 1ನೇ ಫ್ರೆಟ್‌ನಲ್ಲಿ ಕೇಪೊ ಹಾಕಿ, ನೆಕ್ ದೇಹಕ್ಕೆ ಸೇರುವ ಜಾಗದ ಫ್ರೆಟ್‌ನಲ್ಲಿ ಇ ತಂತಿಯನ್ನು ಒತ್ತಿ. ಈಗ ತಂತಿಯೇ ನೇರ ಅಳತೆಪಟ್ಟಿ. 8ನೇ ಫ್ರೆಟ್‌ನ ನೆತ್ತಿಗೂ ತಂತಿಯ ಕೆಳಬದಿಗೂ ನಡುವೆ ಫೀಲರ್ ಗೇಜ್ ತೂರಿಸಿ. 0.3 ಮಿ.ಮೀ. ಆಸುಪಾಸಿನಲ್ಲಿದ್ದರೆ ಸರಿ. ಮೆಲ್ಲಗೆ ನುಡಿಸುವವರು ಇನ್ನೂ ಕಡಿಮೆ ಮಾಡಿಕೊಳ್ಳಬಹುದು, ಬಲವಾಗಿ ಮೀಟುವವರಿಗೆ 0.35 ಬೇಕಾದೀತು.

ಅಂತರ ಹೆಚ್ಚಿದ್ದರೆ ರಾಡನ್ನು ಗಡಿಯಾರದ ದಿಕ್ಕಿಗೆ, ಕಡಿಮೆಯಿದ್ದರೆ ವಿರುದ್ಧ ದಿಕ್ಕಿಗೆ ತಿರುಗಿಸಿ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಶ್ರುತಿ ಸರಿಮಾಡಿಯೇ ಮತ್ತೆ ಅಳೆಯಿರಿ, ಏಕೆಂದರೆ ಬಾಗು ಬದಲಾದಾಗ ಎಳೆತವೂ ಬದಲಾಗಿರುತ್ತದೆ. ಮರ ತಕ್ಷಣ ಪೂರ್ತಿ ಒಗ್ಗುವುದಿಲ್ಲ. ಮರುದಿನ ಇನ್ನೊಮ್ಮೆ ನೋಡಿ. ರಾಡ್‌ನ ನಟ್ ಜಗ್ಗದೆ ನಿಂತರೆ ಬಲ ಹಾಕಬೇಡಿ, ದುರಸ್ತಿಗಾರರ ಕೈಗೆ ಕೊಡಿ. ರಾಡ್ ತುಂಡಾದರೆ ನೆಕ್ಕೇ ಹೋದಂತೆ.

ಗಾಳಿಯ ತೇವ ಬದಲಾದಾಗ ನೆಕ್ ಕೂಡ ಅಲುಗುತ್ತದೆ. ನಿನ್ನೆವರೆಗೆ ಚೆನ್ನಾಗಿದ್ದ ಬೇಸ್ ಇದ್ದಕ್ಕಿದ್ದಂತೆ ಗರಗರ ಎಂದರೆ ಬೇರೇನನ್ನೂ ಮುಟ್ಟದೆ ಮೊದಲು ರಿಲೀಫ್ ನೋಡಿ.

ತಂತಿಯ ಎತ್ತರ

ಕೇಪೊ ತೆಗೆದು, 17ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ಕೆಳಬದಿಗೆ ಅಳೆಯಿರಿ. ಇ ತಂತಿಗೆ 2.4 ಮಿ.ಮೀ., ಜಿ ತಂತಿಗೆ 2 ಮಿ.ಮೀ. ಒಳ್ಳೆಯ ಆರಂಭ, ಎ ಮತ್ತು ಡಿ ತಂತಿಗಳು ಇವೆರಡರ ನಡುವೆ ಇರಲಿ. ಪ್ರತಿ ಸ್ಯಾಡಲ್‌ಗೆ ಎರಡು ಸಣ್ಣ ಸ್ಕ್ರೂ ಇದ್ದರೆ ಎರಡನ್ನೂ ಸಮನಾಗಿ ತಿರುಗಿಸಿ. ಸ್ಯಾಡಲ್ ಒಂದು ಕಡೆಗೆ ವಾಲಿದರೆ ತಂತಿ ಜಾರುತ್ತದೆ.

ಗರಗರ ಇನ್ನೂ ಇದ್ದರೆ ಅದು ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ. 1ರಿಂದ 5ನೇ ಫ್ರೆಟ್‌ವರೆಗೆ ಮಾತ್ರ ಇದ್ದರೆ ನೆಕ್ ಹೆಚ್ಚು ನೇರವಾಗಿದೆ. 12ರಿಂದ ಮೇಲೆ ಇದ್ದರೆ ಸ್ಯಾಡಲ್ ತಗ್ಗಿನಲ್ಲಿದೆ. ಒತ್ತದೆ ಮೀಟಿದಾಗ ಮಾತ್ರ ಇದ್ದರೆ ನಟ್‌ನ ಕಚ್ಚು ಆಳವಾಗಿ ಸವೆದಿದೆ. ಒಂದೇ ಒಂದು ಸ್ವರದಲ್ಲಿ ಇದ್ದರೆ ಅದರ ಮುಂದಿನ ಫ್ರೆಟ್ ಎದ್ದು ನಿಂತಿದೆ. ಕೊನೆಯ ಎರಡಕ್ಕೆ, ಅಂದರೆ ನಟ್ ಬದಲಿಸಿ ಹೊಸ ಕಚ್ಚು ಕೊರೆಯಲು ಅಥವಾ ಎದ್ದ ಫ್ರೆಟ್ ಸವರಲು, ಅರ ಹಿಡಿಯಬೇಕಾಗುತ್ತದೆ. ಅನುಭವವಿಲ್ಲದ ಕೈ ಅದನ್ನು ಮಾಡದಿರುವುದೇ ಲೇಸು.

ಇಂಟೊನೇಶನ್

ಲಿಯೊ ಫೆಂಡರ್ 1951ರಲ್ಲಿ ತಂದ ಬೇಸ್‌ಗೆ ಪ್ರಿಸಿಷನ್ ಎಂಬ ಹೆಸರು ಬಂದದ್ದೇ ಫ್ರೆಟ್‌ಗಳಿಂದ ಶ್ರುತಿ ಕರಾರುವಾಕ್ಕಾಗಿ ಸಿಗುತ್ತದೆ ಎಂಬ ಕಾರಣಕ್ಕೆ. ಆದರೆ ಸ್ಯಾಡಲ್ ಸರಿಯಾದ ಜಾಗದಲ್ಲಿ ಇಲ್ಲದಿದ್ದರೆ ಫ್ರೆಟ್ ಇದ್ದೂ ಪ್ರಯೋಜನವಿಲ್ಲ. 12ನೇ ಫ್ರೆಟ್‌ನ ನೇರ ಮೇಲೆ ತಂತಿಗೆ ಬೆರಳು ತಾಗಿಸಿದಷ್ಟೇ ಮಾಡಿ, ಒತ್ತದೆ ಮೀಟಿ ಹಾರ್ಮೋನಿಕ್ (ಗಂಟೆಯಂಥ ತೆಳು ಸ್ವರ) ಹೊರಡಿಸಿ, ಟ್ಯೂನರ್ ನೋಡಿ. ಈಗ ಅದೇ ಫ್ರೆಟ್‌ನಲ್ಲಿ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ನೆಕ್‌ನತ್ತ ಸರಿಸಿ. ಸರಿಸುವ ಮೊದಲು ತಂತಿ ಸಡಿಲಿಸಿ. ಎರಡೂ ಒಂದೇ ಆಗುವವರೆಗೆ ಮುಂದುವರಿಸಿ. ನುಡಿಸುವಾಗ ಒತ್ತುವಷ್ಟೇ ಒತ್ತಿ. ಹೆಬ್ಬೆರಳಿಟ್ಟು ಅದುಮಿದರೆ ಟ್ಯೂನರ್ ತಪ್ಪು ದಾರಿ ತೋರಿಸುತ್ತದೆ. ಮುಗಿದಾಗ ಇ ತಂತಿಯ ಸ್ಯಾಡಲ್ ಎಲ್ಲಕ್ಕಿಂತ ಹಿಂದೆ ಇರುವುದು ಸಹಜ.

ಪಿಕಪ್

ಕೊನೆಯ ಫ್ರೆಟ್‌ನಲ್ಲಿ ತಂತಿ ಒತ್ತಿ, ಪಿಕಪ್‌ನ ಅಯಸ್ಕಾಂತದ ನೆತ್ತಿಗೆ ಇ ಕಡೆ ಸುಮಾರು 3 ಮಿ.ಮೀ., ಜಿ ಕಡೆ 2.5 ಮಿ.ಮೀ. ಬಿಡಿ. ತೀರ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಸೆಳೆದು ಶ್ರುತಿ ತೇಲಾಡುತ್ತದೆ. ಜಾಝ್ ಬೇಸ್‌ನಂತೆ ಎರಡು ಸಿಂಗಲ್ ಕಾಯಿಲ್ ಪಿಕಪ್ ಇರುವ ವಾದ್ಯದಲ್ಲಿ ಒಂದರ ವಾಲ್ಯೂಮ್ ಇಳಿಸಿದಾಗ ಗುಂಯ್ ಎಂಬ ಸದ್ದು ಬರುತ್ತದೆ, ಎರಡನ್ನೂ ಪೂರ್ತಿ ಏರಿಸಿದಾಗ ನಿಲ್ಲುತ್ತದೆ. ಅದು ಕೆಟ್ಟಿರುವ ಲಕ್ಷಣವಲ್ಲ, ಎರಡು ಕಾಯಿಲ್‌ಗಳು ಪರಸ್ಪರ ಸದ್ದನ್ನು ರದ್ದು ಮಾಡುವ ರೀತಿ. ಆ್ಯಕ್ಟಿವ್ ಬೇಸ್‌ನಲ್ಲಿ (ಒಳಗೇ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವುದು) ಬಲವಾಗಿ ಮೀಟಿದ ಸ್ವರಗಳು ಒಡೆದು ಕೇಳಿದರೆ 9 ವೋಲ್ಟ್ ಬ್ಯಾಟರಿ ಮುಗಿಯುತ್ತಿದೆ. ಕೇಬಲ್ ಸಿಕ್ಕಿಸಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತದೆ, ನುಡಿಸಿ ಆದಮೇಲೆ ಕಿತ್ತಿಡಿ.

ಆಂಪ್ ಮತ್ತು ಓಮ್ ಲೆಕ್ಕ

ಮಂದ್ರ ಸ್ವರಗಳಿಗೆ ನಮ್ಮ ಕಿವಿ ಅಷ್ಟು ಚುರುಕಲ್ಲ, ಸ್ಪೀಕರ್ ಕೂಡ ಹೆಚ್ಚು ಗಾಳಿ ತಳ್ಳಬೇಕು. ಆದ್ದರಿಂದಲೇ ಬೇಸ್ ಆಂಪ್‌ಗಳಿಗೆ ಅಷ್ಟು ಶಕ್ತಿ. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವ್ಯಾಟ್‌ನದಾಗಿತ್ತು. ಸಾಮಾನ್ಯ ಗಿಟಾರ್ ಆಂಪ್‌ನಲ್ಲಿ ಬೇಸನ್ನು ಜೋರಾಗಿ ನುಡಿಸಿದರೆ ಸ್ಪೀಕರ್ ಹರಿಯುವ ಅಪಾಯವಿದೆ. ವ್ಯಾಟ್ ಎರಡು ಪಟ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಎನಿಸಲು ಹತ್ತು ಪಟ್ಟು ಬೇಕು. ಹಾಗಾಗಿ ಇನ್ನೂ ದೊಡ್ಡ ಆಂಪ್ ಕೊಳ್ಳುವುದಕ್ಕಿಂತ ಅದೇ ಬಗೆಯ ಎರಡನೇ ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸೇರಿಸುವುದೇ ಹಲವು ಸಲ ಜಾಣತನ.

ಸೇರಿಸುವ ಮುನ್ನ ಓಮ್ (ಸ್ಪೀಕರ್ ಕರೆಂಟ್‌ಗೆ ಒಡ್ಡುವ ತಡೆಯ ಅಳತೆ) ಲೆಕ್ಕ ಹಾಕಿ. ಎರಡು 8 ಓಮ್ ಕ್ಯಾಬಿನೆಟ್‌ಗಳನ್ನು ಸಮಾನಾಂತರವಾಗಿ ಜೋಡಿಸಿದರೆ 4 ಓಮ್, ಎರಡು 4 ಓಮ್‌ನವಾದರೆ 2 ಓಮ್. ಆಂಪ್‌ನ ಹಿಂಬದಿಯಲ್ಲಿ ಕನಿಷ್ಠ 4 ಓಮ್ ಎಂದಿದ್ದರೆ 2 ಓಮ್ ಜೋಡಣೆ ಅದರಿಂದ ಮಿತಿಮೀರಿ ಕರೆಂಟ್ ಎಳೆದು ಕಾಯಿಸಿ ಕೆಡಿಸುತ್ತದೆ. ಗಾಜಿನ ನಳಿಕೆಗಳಿರುವ ವಾಲ್ವ್ ಆಂಪ್‌ನಲ್ಲಿ ಓಮ್ ಸ್ವಿಚ್ ಕ್ಯಾಬಿನೆಟ್‌ಗೆ ಹೊಂದಿರಲೇಬೇಕು. ಸ್ಪೀಕರ್ ಜೋಡಿಸದೆ ಅದನ್ನು ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಆಂಪ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬೇಕು. ಗಿಟಾರ್ ಕೇಬಲ್‌ನ ತುದಿ ನೋಡಲು ಹಾಗೇ ಇದ್ದರೂ ಒಳಗಿನ ಎಳೆ ತೆಳು, ಬಿಸಿಯಾಗುತ್ತದೆ. ತಿರುಗಿಸಿ ಬೀಗ ಹಾಕುವ ಸ್ಪೀಕಾನ್ ಇದ್ದರೆ ಅದನ್ನೇ ಬಳಸಿ.

ಗೇನ್, ಟೋನ್, ಜಾಗ

ಮಾಸ್ಟರ್ ವಾಲ್ಯೂಮ್ ಸೊನ್ನೆಯಲ್ಲಿಡಿ, ಟೋನ್ ಗುಂಡಿಗಳು ನಡುವೆ ಇರಲಿ, ಬೇಸ್‌ನ ವಾಲ್ಯೂಮ್ ಪೂರ್ತಿ. ನೀವು ಎಷ್ಟು ಬಲವಾಗಿ ನುಡಿಸುತ್ತೀರೋ ಅಷ್ಟು ಬಲವಾಗಿ ಮೀಟುತ್ತಾ ಕ್ಲಿಪ್ ದೀಪ (ಸಂಕೇತ ಮಿತಿಮೀರಿದೆ ಎನ್ನುವ ದೀಪ) ಮಿನುಗುವವರೆಗೆ ಗೇನ್ (ಆಂಪ್‌ಗೆ ಬರುವ ಸಂಕೇತವನ್ನು ಏರಿಸುವ ಗುಂಡಿ) ಏರಿಸಿ, ತುಸು ಇಳಿಸಿ. ಆಮೇಲೆ ಮಾಸ್ಟರ್ ಏರಿಸಿ.

ಕೋಣೆಯಲ್ಲಿ ಒಬ್ಬರೇ ಕೂತು ಆಂಪ್‌ನ ಬೇಸ್ ಟೋನ್ ಗುಂಡಿ ಏರಿಸಿ ಮಾಡಿಕೊಂಡ ತುಂಬು ದನಿ, ಡ್ರಮ್ ಶುರುವಾದೊಡನೆ ಕಾಣೆಯಾಗುತ್ತದೆ. ತಳದ ಸ್ವರಗಳನ್ನು 6 ಡೆಸಿಬೆಲ್ ಏರಿಸಿದರೆ ಆಂಪ್ ಅಲ್ಲಿ ನಾಲ್ಕು ಪಟ್ಟು ಶಕ್ತಿ ಸುರಿಯಬೇಕು. ಮಿತಿ ಬೇಗ ಬರುತ್ತದೆ. ಸ್ವರ ಬಿಡಿಬಿಡಿಯಾಗಿ ಕೇಳಬೇಕೆಂದರೆ 700–1000 ಹರ್ಟ್ಜ್ ಆಸುಪಾಸಿನ ಮಿಡ್ ತುಸು ಏರಿಸಿ, ದನಿ ಮುದ್ದೆಯಾಗಿದ್ದರೆ 200–300 ಹರ್ಟ್ಜ್ ಇಳಿಸಿ. ಹೈಪಾಸ್ ಫಿಲ್ಟರ್ (ಒಂದು ಮಿತಿಗಿಂತ ಕೆಳಗಿನ ಕಂಪನಗಳನ್ನು ತಡೆಯುವುದು) ಇದ್ದರೆ 30–40 ಹರ್ಟ್ಜ್‌ನಲ್ಲಿಡಿ. ಅದರ ಕೆಳಗೆ ಸಂಗೀತ ಬಹಳ ಕಡಿಮೆ, ಸ್ಪೀಕರ್ ಕೋನ್ ಸುಮ್ಮನೆ ಹಿಂದೆಮುಂದೆ ಹೊಯ್ದಾಡುತ್ತದೆ.

ಕ್ಯಾಬಿನೆಟ್ ಇಡುವ ಜಾಗ ಯಾವ ಗುಂಡಿಗಿಂತಲೂ ಹೆಚ್ಚು ಬದಲಾವಣೆ ತರುತ್ತದೆ. ಮೂಲೆಯಲ್ಲಿಟ್ಟರೆ ತಳ ಉಬ್ಬಿ ಗುಡುಗುಡು ಎನ್ನುತ್ತದೆ. ಸ್ಪೀಕರ್ ಹಿಂಗೋಡೆಯಿಂದ 1 ಮೀಟರ್ ಮುಂದಿದ್ದರೆ ಗೋಡೆಗೆ ತಾಗಿ ಮರಳುವ ಅಲೆ 86 ಹರ್ಟ್ಜ್ ಸುತ್ತ ಮೂಲ ಅಲೆಯನ್ನು ಕಡಿದುಹಾಕುತ್ತದೆ. ಡಿ ತಂತಿಯ 3ನೇ ಫ್ರೆಟ್‌ನ ಸ್ವರ ಸೊರಗುವುದು ಇದರಿಂದ. ಆ ಸ್ವರಕ್ಕಾಗಿ ಟೋನ್ ಗುಂಡಿ ತಿರುಗಿಸುವ ಬದಲು ಕ್ಯಾಬಿನೆಟ್ಟನ್ನು ಗೋಡೆಗೆ ಒತ್ತಿ ಇಟ್ಟು ಕೇಳಿ. ಉಬ್ಬಿದ ತಳವನ್ನು ಇಳಿಸುವುದು ಸುಲಭ, ರದ್ದಾದದ್ದನ್ನು ಏರಿಸಲು ಆಗುವುದಿಲ್ಲ.

ವೇದಿಕೆಯ ಮಿಕ್ಸರ್‌ಗೆ

ಆಂಪ್‌ನ ಡಿಐ ಔಟ್‌ಪುಟ್‌ನಿಂದ (ಮಿಕ್ಸರ್‌ಗೆ ನೇರವಾಗಿ ಸಂಕೇತ ಕೊಡುವ ಕಿಂಡಿ) ಎಕ್ಸ್‌ಎಲ್‌ಆರ್ (ಮೂರು ಪಿನ್‌ನ) ಕೇಬಲ್ ಕೊಡಿ. ಪ್ರೀ ಮತ್ತು ಪೋಸ್ಟ್ ಸ್ವಿಚ್ ಇದ್ದರೆ ಪ್ರೀ (ಟೋನ್ ಗುಂಡಿಗಳಿಗೆ ಮುಂಚಿನ ಸಂಕೇತ) ಆರಿಸಿ. ಆಗ ನೀವು ವೇದಿಕೆಯ ಮೇಲೆ ಟೋನ್ ತಿರುಗಿಸಿದರೂ ಸಭಿಕರಿಗೆ ಕೇಳುವ ದನಿ ಕದಲುವುದಿಲ್ಲ. ಕೇಬಲ್ ಸಿಕ್ಕಿಸಿದೊಡನೆ ಗುಂಯ್ ಎಂದರೆ ಗ್ರೌಂಡ್ ಲಿಫ್ಟ್ ಸ್ವಿಚ್ (ಆ ಕೇಬಲ್‌ನ ಗ್ರೌಂಡ್ ಸಂಪರ್ಕ ಕಡಿಯುವುದು) ಒತ್ತಿ. ಆಗಲೂ ನಿಲ್ಲದಿದ್ದರೆ ಆಂಪ್ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಸಾಕೆಟ್ ಸಾಲಿನಿಂದ ವಿದ್ಯುತ್ ಪಡೆಯಿರಿ. ಸದ್ದು ನಿಲ್ಲಿಸಲು ವಿದ್ಯುತ್ ಪ್ಲಗ್‌ನ ಅರ್ತ್ ಪಿನ್ ತೆಗೆಯುವುದನ್ನು ಮಾತ್ರ ಎಂದಿಗೂ ಮಾಡಬೇಡಿ. ಬೇಸ್‌ನ ತಂತಿಗಳು ಸಾಮಾನ್ಯವಾಗಿ ಆಂಪ್‌ನ ಅರ್ತ್‌ಗೇ ಸೇರಿರುತ್ತವೆ. ಆಂಪ್ ಕೆಟ್ಟ ದಿನ ಆ ವಿದ್ಯುತ್ ಹರಿಯುವುದು ತಂತಿ ಹಿಡಿದ ಕೈಯ ಮೂಲಕ.