ಮೂರು ಡೆಕ್ಕಿನ ಅಕಾಗಿ, ನನ್ನ ಮೇಜಿನ ಮೇಲೆ

ಹಡಗಿನ ಮಾಡೆಲ್ ಮಾಡುವುದು ನನ್ನ ಹಳೆಯ ಹುಚ್ಚು. ಈ ಸಲ ಹಿಡಿದದ್ದು ಜಪಾನಿನ ವಿಮಾನವಾಹಕ ನೌಕೆ ಅಕಾಗಿ. ಅದೂ ಎರಡೆರಡು. 1927ರಲ್ಲಿ ನೌಕಾಪಡೆಗೆ ಸೇರಿದಾಗಿನ ರೂಪ ಒಂದು, 1938ರಲ್ಲಿ ಮರುನಿರ್ಮಾಣ ಮುಗಿದ ಮೇಲಿನದು ಇನ್ನೊಂದು. ಎರಡನೆಯದಕ್ಕೆ ಕಿಟ್ ಇತ್ತು. ಹಳೆಯದನ್ನು ರಟ್ಟು, ಪ್ಲಾಸ್ಟಿಕ್ ಶೀಟು ಕತ್ತರಿಸಿ ನಾನೇ ಮಾಡಿದೆ. ಅಳತೆ 700ಕ್ಕೆ 1.

ಒಡಲು ಸುಮಾರು 37 ಸೆಂ.ಮೀ. ಉದ್ದ, ಮೂತಿ ಚೂಪು. ವಿಮಾನ ಹೊರುವ ಹಡಗಿಗೆ ಇಷ್ಟು ಸಪೂರ ಮೈ ಯಾಕೆ ಅನ್ನಿಸುತ್ತೆ, ಅಲ್ವಾ? ಜಪಾನಿನ ಕುರೆ ಬಂದರಿನಲ್ಲಿ ಇದನ್ನು ಕಟ್ಟಲು ಶುರು ಮಾಡಿದ್ದೇ ವೇಗದ ದೊಡ್ಡ ಯುದ್ಧನೌಕೆ, ಅಂದರೆ ಬ್ಯಾಟಲ್‌ಕ್ರೂಸರ್ ಅಂತ. ನೌಕಾಬಲಕ್ಕೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದ ಅಡ್ಡ ಬಂತು. ದೊಡ್ಡ ಯುದ್ಧನೌಕೆಗಳಲ್ಲಿ ಅಮೆರಿಕ, ಬ್ರಿಟನ್‌ಗೆ ತಲಾ 5 ಪಾಲು, ಜಪಾನಿಗೆ 3. ಅರ್ಧ ಕಟ್ಟಿದ್ದನ್ನು ಗುಜರಿಗೆ ಹಾಕುವ ಬದಲು ವಿಮಾನವಾಹಕ ಮಾಡಿಕೊಂಡರು. ಇದರ ಹಾಗೇ ಬದಲಾಗಬೇಕಿದ್ದ ಜೋಡಿ ಹಡಗು ಅಮಾಗಿ 1923ರ ಭೂಕಂಪದಲ್ಲಿ ಹಾಳಾಯಿತು. ಅದರ ಜಾಗಕ್ಕೆ ಕಾಗಾ ಎಂಬ ಇನ್ನೊಂದು ಹಡಗು ಬಂತು.

ನನಗೆ ಮಜಾ ಕೊಟ್ಟಿದ್ದು ಹಳೆಯ ರೂಪದ ಮೂರು ಡೆಕ್ಕುಗಳು, ಅಂದರೆ ವಿಮಾನ ಹಾರುವ ಅಟ್ಟಗಳು. ಮೇಲಿನದು 190 ಮೀಟರ್, ಅಂದರೆ ನನ್ನ ರಟ್ಟಿನಲ್ಲಿ 27 ಸೆಂ.ಮೀ. ಕೆಳಗಿನದು 55 ಮೀಟರ್, ಹೆಚ್ಚೂಕಡಿಮೆ 8 ಸೆಂ.ಮೀ. ನಡುವಿನದು ಬರೀ 15 ಮೀಟರ್! ಎರಡು ಸೆಂ.ಮೀ. ತುಂಡು ಕತ್ತರಿಸಿ ಬೆರಳ ಮೇಲಿಟ್ಟು ನೋಡಿದೆ. ಲೆಕ್ಕ ತಪ್ಪಿತೇನೋ ಅಂತ ಮತ್ತೆ ಅಳೆದೆ. ಸರಿಯಾಗೇ ಇತ್ತು. ವಿಮಾನ ಇಡುವ ಹ್ಯಾಂಗರ್‌ನಿಂದ ಸೀದಾ ಹಾರಲಿ ಅನ್ನೋ ಯೋಚನೆ ಅವರದು. ಅದರ ಅಕ್ಕಪಕ್ಕ ಎರಡು ಫಿರಂಗಿ ಗೋಪುರ ಬೇರೆ. 20 ಸೆಂ.ಮೀ. ಫಿರಂಗಿ ಒಟ್ಟು 10. ವಿಮಾನದ ಮೇಲೆ ನಂಬಿಕೆ ಇನ್ನೂ ಪೂರ್ತಿ ಬಂದಿರಲಿಲ್ಲ ಅಂತ ನನಗನ್ನಿಸುತ್ತೆ.

ವಿಮಾನಗಳು ತೂಕ, ವೇಗ ಎರಡರಲ್ಲೂ ಬೆಳೆದವು. ಆ ಗಿಡ್ಡ ಡೆಕ್ಕು ಸಾಲದಾಯಿತು. 1935ರಲ್ಲಿ ಅಕಾಗಿಯನ್ನು ಸಾಸೆಬೊ ಬಂದರಿನ ಹಡಗು ಕಾರ್ಖಾನೆಗೆ ಒಯ್ದು, ಮೂರನ್ನೂ ತೆಗೆದು 249 ಮೀಟರ್‌ನ ಒಂದೇ ಡೆಕ್ ಹಾಕಿದರು. 1936ರ ಕೊನೆಗೆ ಒಪ್ಪಂದದ ಕಟ್ಟೂ ಮುಗಿಯಿತು. 1937ರಲ್ಲಿ ಚೀನಾದ ಮೇಲೆ ಯುದ್ಧ ಶುರುವಾದಾಗ ಅಕಾಗಿ ಇನ್ನೂ ಕಾರ್ಖಾನೆಯಲ್ಲೇ ಇತ್ತು. ಅಲ್ಲಿಗೆ ಬಾಂಬರ್ ಕಳಿಸಿದ್ದು ಕಾಗಾ. ಫೈಟರ್ ಕಾವಲಿಲ್ಲದೆ ಹೋಗಿ ಮೊದಲ ದಿನಗಳಲ್ಲೇ ಹಲವು ವಿಮಾನ ಕಳೆದುಕೊಂಡಿತು. ಮುಂದೆ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ದಾಳಿಗೆ ಹೋದ ಆರು ನೌಕೆಗಳಲ್ಲಿ ಇವೆರಡೂ ಇದ್ದವು.

ನಾನು ಎಡವಿದ್ದು ಕಿಟ್‌ನಲ್ಲೇ. ಕಾರವಾರದಲ್ಲಿರುವ ನಮ್ಮ ವಿಮಾನವಾಹಕ ವಿಕ್ರಮಾದಿತ್ಯದ ಫೋಟೋ ನೋಡಿ ನೋಡಿ ಅಭ್ಯಾಸ. ಅದರ ಐಲ್ಯಾಂಡ್, ಅಂದರೆ ಡೆಕ್ ಮೇಲಿನ ಕಟ್ಟಡ, ಬಲಕ್ಕಿದೆ. ಸೂಚನೆ ಓದದೆ ಅಕಾಗಿಗೂ ಬಲಕ್ಕೇ ಫೆವಿಕ್ವಿಕ್ ಹಾಕಿ ಕೂರಿಸಿಬಿಟ್ಟೆ. ಅಕಾಗಿಯದು ಎಡಕ್ಕೆ! ಬಲಕ್ಕೆ ಸಮುದ್ರದ ಕಡೆ ಬಾಗಿದ ದೊಡ್ಡ ಚಿಮಣಿ ಇದೆ, ತೂಕ ಸರಿದೂಗಲಿ ಅಂತ ಹಾಗೆ ಮಾಡಿದ್ದರು. ಜಪಾನಿನದೇ ಹಿರ್ಯು ಬಿಟ್ಟರೆ ಇನ್ಯಾವ ವಿಮಾನವಾಹಕ ನೌಕೆಯಲ್ಲೂ ಹೀಗಿರಲಿಲ್ಲ. ಶೊಕಾಕು ಎಂಬ ಇನ್ನೊಂದು ನೌಕೆಗೂ ಎಡಕ್ಕೇ ಅಂತ ನಕ್ಷೆ ಹಾಕಿ, ಕಟ್ಟುವಾಗ ಬಲಕ್ಕೆ ಬದಲಾಯಿಸಿದರು.

ಬ್ಲೇಡ್ ತೂರಿಸಿ ಐಲ್ಯಾಂಡ್ ಎಬ್ಬಿಸಿದೆ. ಡೆಕ್ ಮೇಲೆ ಬಿಳಿ ಕಲೆ ಉಳಿಯಿತು. ಮರಳು ಕಾಗದ ಹಾಕಿ ಉಜ್ಜಿದರೆ ಹಲಗೆಯ ಗೆರೆಗಳೂ ಹೋಗುತ್ತವೆ. ಸುಮ್ನೆ ಬಿಟ್ಟೆ. ಈಗ ಅಲ್ಲಿ ಒಂದೂವರೆ ಸೆಂ.ಮೀ. ರೆಕ್ಕೆಯ ಮೂರು ಫೈಟರ್ ನಿಲ್ಲಿಸಿದ್ದೇನೆ.